ಡಬ್ಬಿಯಲ್ಲಿ ಹೋದ ನೀರು

ಮೊದಲೇ ಹೇಳಿಬಿಡುತ್ತೇನೆ, ನಾನು ಜಿಪುಣನಲ್ಲ. ಬರೆದ ಪ್ರೋಗ್ರಾಮನ್ನು ಬಚ್ಚಿಟ್ಟುಕೊಳ್ಳುವ ಬುದ್ಧಿ ನನ್ನದಲ್ಲ. ಕೊಟ್ಟೆ. ಕೊಟ್ಟಿದ್ದಕ್ಕೇ ಇಷ್ಟೆಲ್ಲ ಆಯಿತು.

ಹೊಳೆನರಸೀಪುರದಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಹಗಲೆಲ್ಲ ಕ್ರಯಪತ್ರ, ತಕರಾರು ಅರ್ಜಿ. ಸಂಜೆಯಾದರೆ ಒಳಕೋಣೆಯಲ್ಲಿ ಗುಜರಿಯಿಂದ ತಂದ ಹಳೇ ಕಾಲದ ಕಂಪ್ಯೂಟರ್. ಅದರ ಮೆಮೊರಿ ಎಷ್ಟು ಸಣ್ಣದೆಂದರೆ, ಬೆಳಿಗ್ಗೆ ಎಲ್ಲರ ಫೋನಿಗೂ ಬರುವ ಶುಭೋದಯದ ಗುಲಾಬಿ ಹೂವೊಂದು ಅದರಲ್ಲಿ ಹಿಡಿಯದು. ಅಂಥದರಲ್ಲಿ ನಾನು, ಮಳೆಗಾಲದಲ್ಲಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಬಯಲಿಗೆ ಬರುವ ಶೆಟ್ಟಿಹಳ್ಳಿಯ ಪಾಳು ಚರ್ಚನ್ನು ಹಿಡಿಸಿದ್ದೆ. ಚರ್ಚು ಸುಲಭ, ಗೆರೆ ಎಳೆದರಾಯಿತು. ನೀರು ಕಷ್ಟ. ಹಿನ್ನೀರು ಮೆಲ್ಲಗೆ ಏರಬೇಕು, ಕಮಾನಿನ ನೆರಳು ಅದರಲ್ಲಿ ಅಲುಗಬೇಕು, ಮತ್ತೆ ಇಳಿಯಬೇಕು. ಆ ನೀರಿಗೆ ಎರಡು ವರ್ಷ ಹಿಡಿಯಿತು. ಇದರಿಂದ ಏನುಪಯೋಗ ಎಂದು ಕೇಳಬೇಡಿ. ಏನೂ ಇಲ್ಲ. ಸುಮ್ಮನೆ ಕೂತು ನೋಡುವುದಕ್ಕೆ. ಇಂಥದಕ್ಕೆ ಡೆಮೊ ಎನ್ನುತ್ತಾರೆ.

ಈ ಹುಚ್ಚು ಜಿಲ್ಲೆಯಲ್ಲಿ ಇನ್ನಿಬ್ಬರಿಗಿತ್ತು. ಒಬ್ಬ ಅರಕಲಗೂಡಿನಲ್ಲಿ ಮೋಟಾರ್ ವೈಂಡಿಂಗ್ ಮಾಡುವವನು, ಇನ್ನೊಬ್ಬರು ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ. ಮೂವರದೂ ಒಂದೇ ನಮೂನೆಯ ಯಂತ್ರ. ಮೂವರ ನಡುವೆ ಬೂಷ್ಟು ಹಿಡಿಯದ ಫ್ಲಾಪಿ ಇದ್ದದ್ದು ಒಂದೇ. ಅದರಲ್ಲಿ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಸಾಲುಗಳನ್ನೆಲ್ಲ ಬರೆದು, ಸ್ಟೀಲ್ ಡಬ್ಬಿಯಲ್ಲಿಟ್ಟು, ಅರಕಲಗೂಡು ಬಸ್ಸಿನ ಕಂಡಕ್ಟರ್ ಕೈಗೆ ಕೊಡಲು ಹೊರಟೆ. ಹೆಂಡತಿ ತಡೆದಳು.

"ಬರೀ ಡಬ್ಬಿ ಕಳಿಸ್ತೀರೇನ್ರೀ?"

"ಬರೀದೆಲ್ಲಿ? ಒಳಗೆ ಫ್ಲಾಪಿ ಇದೆ."

"ಅದೇನು ತಿನ್ನೋ ಪದಾರ್ಥಾನಾ?" ಎಂದು ನಾಲ್ಕು ಕೋಡುಬಳೆ ಹಾಕಿದಳು.

ವಾರಕ್ಕೆ ಡಬ್ಬಿ ವಾಪಸು ಬಂತು. ಕೋಡುಬಳೆ ಇದ್ದಲ್ಲಿ ಕಡಲೆಕಾಯಿ. ಫ್ಲಾಪಿ ಹಾಕಿ ನೋಡಿದರೆ ಚರ್ಚಿನ ಪಕ್ಕದಲ್ಲಿ ಒಂದು ಬಸ್ಸು! ಹಣೆಯ ಮೇಲೆ ಕೊಣನೂರು ಎಂಬ ಬೋರ್ಡು ಬೇರೆ. ಫೋನ್ ಮಾಡಿದೆ.

"ಅಲ್ಲಯ್ಯ, ಬಸ್ಸು ಯಾಕೆ?"

"ನಿಮ್ ಡಬ್ಬೀನ ಬರಿದು ಕಳಿಸಕ್ಕಾಯ್ತದಾ ಸಾ? ನಮ್ಮವ್ವ ಉಗೀತಾಳೆ."

"ಕಡಲೆಕಾಯಿ ಹಾಕಿದ್ದೆಯಲ್ಲ."

"ಅದು ಡಬ್ಬಿಗೆ. ಪ್ಲಾಪಿಗೆ ಬ್ಯಾಡ್ವಾ?"

ಇದಕ್ಕೆ ಏನು ಹೇಳುತ್ತೀರಿ? ಅಲ್ಲಿಗೆ ಅದು ಪದ್ಧತಿಯಾಗಿಹೋಯಿತು. ಡಬ್ಬಿ ಚನ್ನರಾಯಪಟ್ಟಣಕ್ಕೆ ಹೋಗಿ ಕೊಬ್ಬರಿ ಮಿಠಾಯಿಯೊಂದಿಗೆ ಬಂತು, ಫ್ಲಾಪಿಯಲ್ಲಿ ತೆಂಗಿನಮರ. ಮತ್ತೆ ಅರಕಲಗೂಡು, ಬಸ್ಸಿಗೆ ಕಿಟಕಿಗಳು. ಮತ್ತೆ ಚನ್ನರಾಯಪಟ್ಟಣ, ಮರದ ಕೆಳಗೆ ಮೇಕೆ, ಬಾಲ ಅಲ್ಲಾಡಿಸುವ ಮೇಕೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಕೊಟ್ಟದ್ದನ್ನು ತೆಗೆದುಹಾಕುವುದು ಹೇಗೆ? ತಿಂದ ಮಿಠಾಯಿ ಹೊಟ್ಟೆಯಲ್ಲಿರುವಾಗ ಮೇಕೆ ಅಳಿಸಲು ಕೈ ಬರಲಿಲ್ಲ.

ಅಷ್ಟರಲ್ಲಿ ಹಾಸನದ ಕಾಲೇಜೊಂದರಲ್ಲಿ ಹಳೇ ಕಂಪ್ಯೂಟರ್‌ಗಳ ಪ್ರದರ್ಶನವೆಂದು ಕರೆ ಬಂತು. ನನ್ನ ನೀರನ್ನು ನಾಲ್ಕು ಜನ ನೋಡುತ್ತಾರೆ ಎಂದು ಹಿಗ್ಗಿಹೋದೆ. ಪ್ರದರ್ಶನಕ್ಕೆ ಎರಡು ದಿನವಿರುವಾಗ ಡಬ್ಬಿ ಅರಕಲಗೂಡಿನಿಂದ ಬಂತು. ಹಾಕಿ ನೋಡುತ್ತೇನೆ, ಬಸ್ಸಿನ ಚಕ್ರ ತಿರುಗುತ್ತಿದೆ. ಚರ್ಚು ಇದೆ, ಮರ ಇದೆ, ಮೇಕೆ ಇದೆ. ನೀರಿಲ್ಲ.

"ನೀರೆಲ್ಲಯ್ಯಾ?" ಫೋನಿನಲ್ಲಿ ಕೂಗಿದೆ.

"ಚಕ್ರಕ್ಕೆ ಜಾಗ ಸಾಲ್ಲಿಲ್ಲ ಸಾ. ನೀರು ತೆಗೆದ್ಬುಟ್ಟೆ."

"ತೆಗೆದುಬಿಟ್ಟೆಯಾ?"

"ಬ್ಯಾಸ್ಗೆ ಅನ್ಕಳಿ. ಬ್ಯಾಸ್ಗೇಲಿ ಆ ಚರ್ಚು ಅಂಗೇ ಅಲ್ವಾ ಇರಾದು?"

ನಿಜ ಹೇಳುತ್ತೇನೆ, ಅಳು ಬಂತು. ಆ ಒಂದೇ ಫ್ಲಾಪಿಯ ಮೇಲೆ ಬರೆದು ಬರೆದು, ಎರಡು ವರ್ಷದ ನೀರು ಭೂಮಿಯ ಮೇಲೆ ಎಲ್ಲೂ ಉಳಿದಿರಲಿಲ್ಲ. ಹೆಂಡತಿ ನನ್ನ ಮುಖ ನೋಡಿ, "ಮೊದಲು ಕಾಗದದ ಮೇಲೆ ಪ್ರಿಂಟ್ ತೆಗೆದಿದ್ರಲ್ಲ, ಅದು ನೋಡಿ" ಎಂದಳು.

"ಎಲ್ಲಿದೆ?"

"ಎಣ್ಣೆ ಡಬ್ಬದ ಕೆಳಗೆ ಹಾಸಿದೀನಿ."

ಬಯ್ಯಲೋ ಕೈ ಮುಗಿಯಲೋ ತಿಳಿಯಲಿಲ್ಲ. ಕಾಗದ ಎಳೆದು, ಒರೆಸಿ, ನೀರಿನ ಸಾಲುಗಳನ್ನು ಮತ್ತೆ ಕುಟ್ಟಿದೆ. ಒಂದು ಸಾಲನ್ನು ಎಣ್ಣೆ ನುಂಗಿತ್ತು. ಅಂದಾಜಿನ ಮೇಲೆ ಬರೆದೆ. ಅದಕ್ಕೇ ಈಗಲೂ ನೀರು ಎಡಗಡೆ ಒಂದು ಗೆರೆ ಮುಂಚೆ ಏರುತ್ತದೆ.

ಆದರೆ ಮೆಮೊರಿ ತುಂಬಿತ್ತು. ನೀರು ಬರಬೇಕಾದರೆ ಏನಾದರೂ ಹೋಗಬೇಕು. ಬಸ್ಸು ಅವನದು. ಮರ, ಮೇಕೆ ವ್ಯಾಪಾರಿಯವರದು. ಅವರಿಬ್ಬರೂ ಪ್ರದರ್ಶನದಲ್ಲಿ ನನ್ನ ಪಕ್ಕದಲ್ಲೇ ನಿಲ್ಲುವವರು. ಯಾರಿಗೂ ಬೇಜಾರಾಗದಂತೆ ತೆಗೆಯಬಹುದಾದ, ನನ್ನದೇ ಆದ ವಸ್ತು ಅಲ್ಲಿ ಇನ್ನೊಂದೇ ಇತ್ತು. ಹಲ್ಲು ಕಚ್ಚಿ ಚರ್ಚನ್ನು ಅಳಿಸಿದೆ.

ಹಾಸನದಲ್ಲಿ ಜನ ಸೇರಿದರು. ನೀರು ಏರಿತು. ಬಸ್ಸಿನ ಚಕ್ರ ಮುಳುಗಿತು, ಮೇಕೆ ಮುಳುಗುತ್ತಲೇ ಬಾಲ ಅಲ್ಲಾಡಿಸಿತು, ಮಕ್ಕಳು ಚಪ್ಪಾಳೆ ತಟ್ಟಿದರು. ವ್ಯಾಪಾರಿ "ಸ್ವಾಮೀ, ಮೇಕೆ ಏನ್ ಚೆಂದ!" ಎಂದರು. ವೈಂಡಿಂಗಿನವನು ಮಾತ್ರ ಪರದೆಯನ್ನೇ ದಿಟ್ಟಿಸುತ್ತಿದ್ದ.

"ಸಾ, ಚರ್ಚೆಲ್ಲಿ?"

"ಮಳೆಗಾಲ ಕಣಯ್ಯ. ಮುಳುಗಿದೆ."

ಅವನು ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, "ನೀರು ಇಳುದ್ರೆ ಕಾಣ್ತದಾ?" ಎಂದ.

"ನಿನ್ನ ಬಸ್ಸು ಹೊರಟರೆ ಕಾಣುತ್ತದೆ."

"ಬಸ್ ಓದ್ರೆ ಜನ ಎಂಗ್ ಓಗಾದು ಸಾ?"

ಡಬ್ಬಿಯನ್ನು ಅವನ ಕೈಗೆ ತುರುಕಿ ಬಂದೆ. ಸಿಟ್ಟಿನಲ್ಲಿ ಕೋಡುಬಳೆಯನ್ನೂ ಹಾಕಿರಲಿಲ್ಲ.

ಮುಂದಿನ ವಾರ ಡಬ್ಬಿ ಬಂತು, ಕಡಲೆಕಾಯಿ ತುಂಬಿಕೊಂಡು. ಫ್ಲಾಪಿ ಹಾಕಿದೆ. ಬಸ್ಸು ಅಲ್ಲೇ ಇತ್ತು. ಆದರೆ ಅದರ ಕಿಟಕಿಗಳನ್ನೆಲ್ಲ ತೆಗೆದುಬಿಟ್ಟಿದ್ದ. ಉಳಿದ ಅಷ್ಟು ಜಾಗದಲ್ಲಿ, ನೀರಿನ ಮೇಲೆ, ಸೊಟ್ಟಗೆ, ಚರ್ಚಿನ ಒಂದೇ ಒಂದು ಕಮಾನು ನಿಲ್ಲಿಸಿದ್ದ.