ಬಳೆ ಬಿಚ್ಚಿಸುವ ಬಾಗಿಲು

ದಿನ ತುಂಬುವ ಮೊದಲೇ ಹುಟ್ಟಿದ ನನ್ನ ಮಗನನ್ನು ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಪಕ್ಕದ ಪೆಟ್ಟಿಗೆಯ ಮಗುವಿಗೆ ರಕ್ತದಲ್ಲಿ ಸೋಂಕು ಬಂತು, ಆಮೇಲೆ ಇವನಿಗೂ ಬಂತು. ಯಾರ ಕೈಯಿಂದ ದಾಟಿತೋ ಹೇಳುವವರಿಲ್ಲ. ಅಂದಿನಿಂದ ಒಂದು ಮಗುವಿಗೆ ಒಬ್ಬಳೇ ಹೆಂಗಸು ಎಂದರು. ಬಳೆ, ಉಂಗುರ, ಕೈಗೆ ಕಟ್ಟಿದ ದಾರ ಎಲ್ಲ ಬಿಚ್ಚಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದರೇ ಒಳಗೆ.

ನಾನು ಸೀಮಂತದ ಹಸಿರು ಬಳೆ ಬಿಚ್ಚುವುದನ್ನು ಅತ್ತೆ ದೂರದಿಂದ ನೋಡಿದರು. ಕನ್ನಡ ಆಡುವ ನೇಕಾರರ ಮನೆ ನಮ್ಮದು. ಬಾಣಂತಿಯ ಕೈ ಬೋಳಾಗಿರಬಾರದು. "ಬರೀ ಕೈಲಿ ಮಗೂನ ಮುಟ್ತೀಯಾ?" ಅಂದವರು ಮುಖ ತಿರುಗಿಸಿಕೊಂಡು ಹೋದರು. ನನ್ನ ಅಮ್ಮ ಬದುಕಿಲ್ಲ. ಗಣಪತಿ ಬಡಾವಣೆಯ ಪಂಪು ವರ್ಕ್‌ಶಾಪಿನಿಂದ ಗಂಡ ಸಂಜೆ ಬಂದು, ಕೆಳಗೆ ನಿಂತು ಫೋನ್ ಮಾಡುತ್ತಿದ್ದ. ಸುತ್ತ ಅಷ್ಟು ತಾಯಂದಿರಿದ್ದರೂ ಯಾರೂ ಯಾರ ಮಗುವನ್ನೂ ವಿಚಾರಿಸುತ್ತಿರಲಿಲ್ಲ. ಬರುವ ಉತ್ತರಕ್ಕೆ ಎಲ್ಲರಿಗೂ ಭಯ. ಅಷ್ಟು ಒಂಟಿಯಾಗಿ ನಾನೆಂದೂ ಇದ್ದವಳಲ್ಲ.

ಪೆಟ್ಟಿಗೆಯ ಕಿಂಡಿಯಲ್ಲಿ ಕೈ ಹಾಕಿ ಅವನ ಪಾದ ಮುಟ್ಟುವುದಷ್ಟೇ ನನ್ನ ಪಾಲು. ಔಷಧಿ ಹಿಡಿದಿದೆ, ಇನ್ನು ಎದೆಯ ಮೇಲೆ ಮಲಗಿಸಿಕೊಳ್ಳಬಹುದು, ಆ ಮೈಶಾಖವೇ ಅವನಿಗೆ ಬೇಕು ಎಂದು ಡಾಕ್ಟರಮ್ಮ ಹೇಳಿದ ಬೆಳಿಗ್ಗೆಯೇ ನನಗೆ ಜ್ವರ ಬರಬೇಕೇ? ಜ್ವರವಿದ್ದವರು ಆ ಬಾಗಿಲು ದಾಟುವಂತಿಲ್ಲ. ಹಣೆ ಚಚ್ಚಿಕೊಳ್ಳಬೇಕೆನಿಸಿತು.

ನನ್ನ ಬದಲಿಗೆ ನರ್ಸ್ ಅತ್ತೆಯನ್ನು ಕರೆದಳು. ಮಾವ ತೀರಿಕೊಂಡ ಮೇಲೆ ಅತ್ತೆ ಯಾರ ಮನೆಯ ತೊಟ್ಟಿಲನ್ನೂ ಮುಟ್ಟಿದವರಲ್ಲ. ನನ್ನ ಸೀಮಂತದ ದಿನವೂ ಅಡುಗೆಮನೆ ಬಿಟ್ಟು ಬರಲಿಲ್ಲ. "ನಾನು ವೇಣಾಂ, ಬೇಡ. ಮೊದಲು ನಾನು ಎತ್ತಕೂಡದು," ಎಂದು ಗೋಡೆಗೆ ಒರಗಿದರು. ಎಲ್ಲರ ಬಳೆ ಬಿಚ್ಚಿಸಿ ಬಿಚ್ಚಿಸಿ ಸುಸ್ತಾಗಿದ್ದ ನರ್ಸ್ ಅವರ ಬೋಳು ಕೈ ನೋಡಿ, "ಪಾಟಿ, ನೀಂಗ ವಾಂಗ," ಎಂದು ಅಜ್ಜಿಯನ್ನು ಒಳಗೆ ಕರೆಯುತ್ತ ನಲ್ಲಿ ತಿರುಗಿಸಿದಳು.

ಅತ್ತೆ ನನ್ನ ಮುಖ ನೋಡಿದರು.

"ಹೋಗಿ ಅತ್ತೆ. ನೀವು ಬಿಟ್ರೆ ಯಾರಿದ್ದಾರೆ?" ಅಂದೆ. ದನಿಯೇನೂ ಮೆತ್ತಗಿರಲಿಲ್ಲ. ನನಗಿಂತ ಮೊದಲು ಇನ್ನೊಬ್ಬರು ನನ್ನ ಮಗನನ್ನು ಎದೆಗೊತ್ತಿಕೊಳ್ಳುತ್ತಾರಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ತುಂಬ ಹೊತ್ತಾದ ಮೇಲೆ ಹೊರಗೆ ಬಂದರು. ಜ್ವರದ ನನ್ನ ಹತ್ತಿರ ಬರುವಂತಿರಲಿಲ್ಲ, ನನ್ನ ಕೋಣೆಯ ಹೊಸ್ತಿಲಲ್ಲೇ ನಿಂತರು.

"ಕೂಸು ನನ್ನ ಎದೇಲಿ ಹಾಲು ಹುಡುಕ್ತು ಕಣಮ್ಮ," ಅಂದರು. "ನಾನೆಲ್ಲಿಂದ ಕೊಡ್ಲಿ?"

ಅಲ್ಲಿಯವರೆಗೆ ಮೂಗಿನ ನಳಿಕೆಯಲ್ಲೇ ಹಾಲು ಇಳಿಸಿಕೊಂಡಿದ್ದವನು ಬಾಯಿ ತೆರೆದು ಹುಡುಕಿದ್ದ. ಬದುಕುತ್ತಾನೆ ಎಂದು ಆಗಲೇ ಅನಿಸಿತು. ಎದ್ದು ಓಡುವ ಹಾಗಿರಲಿಲ್ಲ. ಒದ್ದೆಯಾಗುತ್ತಿದ್ದ ರವಿಕೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಅಲ್ಲೇ ಕೂತೆ.