ಭುಜದ ಮೇಲಿನ ಕೈ

ಬೆಳಗಿನ ಕಾಫಿಯ ಜೊತೆಗೆ ಪತ್ರಿಕೆಯ ನಿಧನದ ಪುಟ ಓದುವ ಅಭ್ಯಾಸ ನಿಮಗೂ ಇದ್ದರೆ ನನ್ನ ಮಾತು ಬೇಗ ಅರ್ಥವಾದೀತು. ನಮ್ಮ ಕೊಡಗಿನಲ್ಲಿ ಆ ಪುಟದ ಮೇಲೆ ಕಣ್ಣಾಡಿಸದೆ ತೋಟಕ್ಕೆ ಇಳಿಯುವವರು ಕಡಿಮೆ. ಇವತ್ತು ಯಾರ ಮನೆಗೆ ಹೋಗಬೇಕು, ಯಾವ ಕೆಲಸ ನಾಳೆಗೆ ಬಿಡಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಆ ಮುಖಗಳನ್ನು ಎಂದಾದರೂ ನಿಧಾನವಾಗಿ ನೋಡಿದ್ದೀರಾ? ಹೆಚ್ಚಿನವು ಯಾವುದೋ ಮದುವೆಯ ಗುಂಪುಫೋಟೋದಿಂದ ಕತ್ತರಿಸಿ ತೆಗೆದವು. ಸತ್ತವರ ಕಿವಿಯ ಪಕ್ಕದಲ್ಲಿ ಇನ್ಯಾರದೋ ಜರಿಸೆರಗಿನ ಅಂಚು, ಕುತ್ತಿಗೆಯ ಹಿಂದೆ ಯಾರದೋ ಕುಪ್ಯದ, ಅಂದರೆ ಕೊಡವರ ನಿಲುವಂಗಿಯ, ಕಪ್ಪು ತೋಳು, ಇಲ್ಲವೇ ಭುಜದ ಮೇಲೆ ಯಾರದೆಂದು ತಿಳಿಯದ ನಾಲ್ಕು ಬೆರಳು.

“ಇದ್ ಯಾರ ಕೈ, ಹೇಳ್?” ಎಂದು ನಮ್ಮ ಯಜಮಾನರು ಪತ್ರಿಕೆಯನ್ನು ನನ್ನ ಕಡೆಗೆ ತಿರುಗಿಸುತ್ತಿದ್ದರು. ಉಂಗುರವಿದ್ದರೆ ಹೆಂಡತಿಯದು, ಬಿಗಿಯಾಗಿ ಹಿಡಿದಿದ್ದರೆ ಕುಡಿದ ಭಾವನದು ಎಂದು ನಾವಿಬ್ಬರೂ ಊಹಿಸುತ್ತಿದ್ದೆವು. ಸಾವಿನ ಪುಟದ ಮುಂದೆ ಕೂತು ನಗುವುದು ಸರಿಯಲ್ಲವೆಂದು ನನಗೆ ಅನ್ನಿಸದೆ ಇರಲಿಲ್ಲ. ಆದರೂ ನಗುತ್ತಿದ್ದೆವು.

ಅವರು ಚೆಟ್ಟಳ್ಳಿಯ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಎಂದರೆ ಬರೆಯುವವರೇ ಹೌದು, ಆದರೆ ಬರೆಯುವುದು ಆಳುಗಳ ಹಾಜರಿ ಮತ್ತು ಪಿಕ್ಕಿಂಗಿನ, ಅಂದರೆ ಕಾಫಿ ಕೊಯ್ಲಿನ, ತೂಕ. ಮನಸ್ಸಿಗೆ ಬಂದದ್ದನ್ನು ಬರೆಯಲು ಅವರಿಗೆ ಲೇಖನಿಗಿಂತ ಬೆಳಕೇ ಹಿತವಾಗಿತ್ತು. ಮೊದಲು ರೀಲಿನ ಕ್ಯಾಮೆರಾ, ಆಮೇಲೆ ಡಿಜಿಟಲ್. ನೆಂಟರ ಮದುವೆ, ಆಳುಗಳ ಲೈನ್ ಮನೆಯ ಮಕ್ಕಳ ನಾಮಕರಣ, ಹೂಮಳೆ ಬಿದ್ದು ಕಾಫಿ ಅರಳಿದ ಮೇಲಿನ ಬಿಳಿಯ ತೋಟ, ಎಲ್ಲಕ್ಕೂ ಅವರದೇ ಕ್ಯಾಮೆರಾ. ಸಾವಾದ ಮನೆಯವರೂ ಮೊದಲು ಬರುತ್ತಿದ್ದದ್ದು ನಮ್ಮಲ್ಲಿಗೇ. “ನೀವು ತೆಗೆದ ಫೋಟೋದಲ್ಲಿ ಅಪ್ಪ ಎಲ್ಲಾದ್ರೂ ಇದ್ದಾರಾ?” ಎಂದು ಬಾಗಿಲಲ್ಲೇ ನಿಲ್ಲುವವರಿಗೆ ಇವರು ಕಂಪ್ಯೂಟರಿನ ಮುಂದೆ ಕುಳಿತು, ಗುಂಪಿನೊಳಗಿಂದ ಒಂದು ಮುಖವನ್ನು ಹುಡುಕಿ ಬಿಡಿಸಿ ಕೊಡುತ್ತಿದ್ದರು. ಹೀಗೆ ಊರಿಗೆಲ್ಲ ಮುಖ ಕೊಟ್ಟವರ ಮುಖವೇ ಯಾವ ಫೋಟೋದಲ್ಲೂ ಇರಲಿಲ್ಲ. ಕ್ಯಾಮೆರಾದ ಹಿಂದೆ ನಿಂತವರಿಗೆ ಆಗುವುದೇ ಅದು.

ಒಂದೇ ಒಂದು ಇತ್ತು. ವಿರಾಜಪೇಟೆಯ ಮದುವೆಯೊಂದರಲ್ಲಿ ಯಾರೋ ಕ್ಯಾಮೆರಾ ಕಸಿದುಕೊಂಡು ತೆಗೆದದ್ದು. ಆಗಷ್ಟೇ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿ, ಬೀಳದಿರಲೆಂದು ನಾನು ಎಡಗೈಯಿಂದ ಅವರ ಭುಜ ಹಿಡಿದಿದ್ದೆ. ನಾಲ್ಕು ಜನರ ಎದುರು ನಾನು ಗಂಡನ ಭುಜ ಹಿಡಿದದ್ದು ಅದೊಂದೇ ಸಲ ಇರಬೇಕು. ಅವರು ನನ್ನ ಅವಸ್ಥೆ ನೋಡಿ ಬಾಯ್ತುಂಬ ನಗುತ್ತಿದ್ದಾರೆ. “ಪೇಪರಿಗೆ ಇದೇ ಸರಿ, ಕೈ ಬೇರೆ ಉಟ್ಟು” ಎಂದು ಆ ಫೋಟೋ ನೋಡಿದಾಗಲೆಲ್ಲ ತಮಾಷೆ ಮಾಡುತ್ತಿದ್ದರು; ನಮ್ಮ ಮನೆಮಾತಿನಲ್ಲಿ ‘ಉಂಟು’ ಎಂಬುದು ‘ಉಟ್ಟು’.

ನಮ್ಮ ಮಳೆಗಾಲ ನಿಮಗೆ ಗೊತ್ತಲ್ಲ. ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಕ್ಯಾಮೆರಾದ ಲೆನ್ಸಿನ ಒಳಗೂ ಅದು ಜೇಡರ ಬಲೆಯ ಹಾಗೆ ಹಬ್ಬಿಬಿಡುತ್ತದೆ. ಅದಕ್ಕೆಂದೇ ಅವರು ಕಪಾಟಿನೊಳಗೆ ಒಂದು ಜೀರೋ ಬಲ್ಬು ಸದಾ ಉರಿಸುತ್ತಿದ್ದರು; ಅದರ ಬಿಸಿಗೆ ತೇವ ಹತ್ತಿರ ಸುಳಿಯದು. ಆದರೆ ಉಸಿರಾಟದ ತೊಂದರೆಯೆಂದು ಅವರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ ಆ ಮಳೆಗಾಲ ಮನೆಗೆ ಬೀಗ ಬಿತ್ತು, ಬಲ್ಬು ಆರಿಯೇ ಇತ್ತು. ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುವ ಕಾಯಿಲೆ, ಔಷಧಿ ಅದನ್ನು ನಿಧಾನಿಸಬಹುದು, ನಿಲ್ಲಿಸಲಾರದು ಎಂದು ವೈದ್ಯರು ಹೇಳಿ ಕಳಿಸಿದರು. ಮನೆಗೆ ಬಂದವರೇ ಇವರು ಕಪಾಟು ತೆರೆದು, ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ “ಲೆನ್ಸ್‌ಗೂ ನಂಗೂ ಒಂದೇ ಕಾಯಿಲೆ ಬಂದುಟ್ಟು” ಎಂದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಹೊಸ ಕ್ಯಾಮೆರಾ ಕೊಳ್ಳೋಣ ಎಂದವಳು ನಾನೇ. ಯಾಕೆಂದು ಹೇಳಲಿಲ್ಲ, ಅವರೂ ಕೇಳಲಿಲ್ಲ. ನಮಗೆ ಮಕ್ಕಳಿಲ್ಲ, ಆ ಮೂಗು, ಆ ಹುಬ್ಬು ಇನ್ನೊಂದು ಮುಖದಲ್ಲಿ ಮುಂದುವರಿಯುವುದಿಲ್ಲ. ಕಾಯಿಲೆ ಕೆನ್ನೆ ತಿನ್ನುವ ಮೊದಲು ಆ ಮುಖವನ್ನು ಸರಿಯಾಗಿ ಒಮ್ಮೆ ತೆಗೆದಿಡಬೇಕು, ಇಷ್ಟೇ ನನ್ನ ಆಸೆ. ಫೋನಿನಲ್ಲಿ ತೆಗೆಯಬಾರದಿತ್ತೇ ಎಂದು ನೀವು ಕೇಳಬಹುದು. ಫೋನ್ ಎತ್ತಿದರೆ ಸಾಕು, ಅವರು ಅಂಗೈ ಅಡ್ಡ ಹಿಡಿಯುತ್ತಿದ್ದರು. ಸುಕ್ಕನ್ನೆಲ್ಲ ಒರೆಸಿ ಮುಖವನ್ನು ಗೋಡೆಯ ಹಾಗೆ ನುಣ್ಣಗೆ ಮಾಡುವ ಯಂತ್ರ ಅದು ಎಂಬುದು ಅವರ ವಾದ. ಇದ್ದದ್ದನ್ನು ಅಳಿಸುವ ಕೆಲಸ ಅವರಿಗೆ ಹಿಡಿಸುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಕ್ಯಾಮೆರಾ ಪುರಾಣ. ಮೂವತ್ತು ವರ್ಷ ಶಾಲೆಯಲ್ಲಿ ಸಂಧಿ ಸಮಾಸ ಹೇಳಿಕೊಟ್ಟ ನಾನು ಆ ವಯಸ್ಸಿನಲ್ಲಿ ಸೆನ್ಸರು, ಮೆಗಾಪಿಕ್ಸೆಲ್ಲು, ಕನ್ನಡಿ ಇರುವುದು, ಕನ್ನಡಿ ಇಲ್ಲದ್ದು ಎಂದು ಕಲಿಯತೊಡಗಿದೆ. ದಿನವೂ ಊಟವಾದ ಮೇಲೆ ನಾನು ಒಂದನ್ನು ಆರಿಸಿ ಓದಿ ಹೇಳುವುದು, ಅವರು ಅದರಲ್ಲೊಂದು ಕುಂದು ಹುಡುಕುವುದು. ಒಂದರ ಬ್ಯಾಟರಿ ಬೇಗ ಮುಗಿಯುತ್ತದೆ, ಇನ್ನೊಂದಕ್ಕೆ ಇಣುಕಿ ನೋಡುವ ಕಿಂಡಿಯೇ ಇಲ್ಲ, ಮತ್ತೊಂದರ ಬಣ್ಣದಲ್ಲಿ ಎಲ್ಲರಿಗೂ ಕಾಮಾಲೆ. “ಗಡಿಬಿಡಿ ಎಂತ ಉಟ್ಟು? ನೋಡಿ ತಕಣೊಕು” ಎನ್ನುತ್ತಿದ್ದರು, ನಿಧಾನವಾಗಿ ನೋಡಿಯೇ ಕೊಳ್ಳಬೇಕಂತೆ. ಮೊದಮೊದಲು ನನಗೆ ರೇಗುತ್ತಿತ್ತು. ಬರಬರುತ್ತ ಒಂದು ಸಂಗತಿ ಹೊಳೆಯಿತು: ಕೊಳ್ಳುವ ಮಾತು ಇರುವಷ್ಟು ದಿನ ನಾಳೆ ಎಂಬುದೊಂದು ಇರುತ್ತದೆ. ಯಾವುದು ಬೇಕು ಎಂಬುದು ತೀರ್ಮಾನವಾದರೆ ಕ್ಯಾಮೆರಾ ಮನೆಗೆ ಬರುತ್ತದೆ. ಬಂದರೆ ಅವರು ಅದರ ಮುಂದೆ ಕೂರಬೇಕು. ಕೂತರೆ, ಆ ಫೋಟೋ ಎಲ್ಲಿಗೆ ಹೋಗಲಿರುವುದೆಂದು ಇಬ್ಬರಿಗೂ ಗೊತ್ತು. ಆಯ್ಕೆ ಮುಗಿಯದಿರಲೆಂದು ನಾನೂ ಹೊಸ ಹೊಸ ಹೆಸರುಗಳನ್ನು ಹುಡುಕಿ ತರತೊಡಗಿದೆ. ಅತ್ತ ಕೆಮ್ಮು ಮಾತ್ರ ಯಾವ ಗೊಂದಲವೂ ಇಲ್ಲದೆ ತನ್ನ ಕೆಲಸ ಮಾಡುತ್ತಿತ್ತು.

ಪಿಕ್ಕಿಂಗ್ ಮುಗಿಯುವ ಹೊತ್ತಿಗೆ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ಆಗ ಅವರಾಗಿಯೇ ಮಡಿಕೇರಿಗೆ ಹೋಗೋಣ ಎಂದರು. ಅಂಗಡಿಯವನು ಪರಿಚಯದವನು, “ಈಗ ಯಾರೂ ಕ್ಯಾಮೆರಾ ಕೇಳ್ಕೊಂಡು ಬರೋದೇ ಇಲ್ಲ ಅಕ್ಕ, ಎಲ್ಲ ಫೋನೇ” ಎನ್ನುತ್ತ ಇದ್ದ ಕೆಲವನ್ನು ಗಾಜಿನ ಮೇಲೆ ಸಾಲಾಗಿ ಇಟ್ಟ. ಇವರು ಕುರ್ಚಿಯಲ್ಲಿ ಕೂತು ಒಂದನ್ನೂ ಮುಟ್ಟಲಿಲ್ಲ. ಒಂದೊಂದನ್ನೂ ನನ್ನ ಕೈಗೇ ಕೊಡಿಸಿದರು. ಒಂದೇ ಕೈಯಲ್ಲಿ ಹಿಡಿ, ಎತ್ತು, ಗುಂಡಿ ಒತ್ತು ಎಂದರು. ನನ್ನ ಮಣಿಕಟ್ಟು ಸ್ವಲ್ಪ ನಡುಗಿದರೂ “ನಿನ್ನ ಕೈಗೆ ಇದ್ ಭಾರ” ಎಂದು ಬದಿಗಿಡಿಸಿದರು. ನನ್ನ ತಾಳ್ಮೆ ಕೆಟ್ಟಿತು.

“ಒಂದ್ ಯಾವ್ದಾರ್ ಹೇಳಿ, ನಂಗೆ ಸಾಕಾತ್. ತೆಗೆಯೋಕೆ ಇರೋದು ನಿಮ್ಮ ಒಂದ್ ಮುಖ” ಎಂದುಬಿಟ್ಟೆ. ಅಷ್ಟು ದಿನ ಇಬ್ಬರೂ ಜೋಪಾನವಾಗಿ ಆಡದೆ ಇಟ್ಟ ಮಾತು ಅಂಗಡಿಯವನ ಎದುರು ಬಾಯಿಂದ ಬಿದ್ದುಹೋಯಿತು.

ಅವರು ಉಸಿರು ಸೇರಿಸಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡರು. “ನಂಗಲ್ಲ. ಇದ್ ನಿಂಗೆ” ಎಂದರು.

ಆಮೇಲೆ ಅಂಗಡಿಯವನಿಗೆ ಒಂದು ಕ್ಯಾಮೆರಾದ ಹೆಸರು ಹೇಳಿದರು. ಹಗುರವಾದದ್ದು, ತೇವ ಸುಲಭಕ್ಕೆ ಒಳಹೋಗದಂತೆ ಸಂದಿಗಳನ್ನೆಲ್ಲ ಮುಚ್ಚಿ ಮಾಡಿದ್ದು. “ನಿಂಗೆ ಬಲ್ಬಿನ ನೆನ್ಪು ಎಲ್ಲಿ ಉಟ್ಟು?” ಎಂದು ನನ್ನ ಕಡೆ ನೋಡಿ ನಕ್ಕರು. ಅಷ್ಟು ತಿಂಗಳು ನಾನು ಅವರ ಮುಖಕ್ಕೆ ಕ್ಯಾಮೆರಾ ಹುಡುಕುತ್ತಿದ್ದರೆ ಅವರು ನನ್ನ ಕೈಗೆ ಹುಡುಕುತ್ತಿದ್ದರು, ತಾವಿಲ್ಲದ ಮಳೆಗಾಲಗಳನ್ನು ಲೆಕ್ಕಕ್ಕೆ ಹಿಡಿದು. ನನಗೆ ಪ್ರೀತಿ ಉಕ್ಕಿತೆಂದು ಬರೆದರೆ ಸುಳ್ಳಾದೀತು. ಸಿಟ್ಟು ಬಂತು. ಅವರಿಲ್ಲದ ಮೇಲೆ ನಾನು ಏನನ್ನು ನೋಡಬೇಕು, ಏನನ್ನು ತೆಗೆಯಬೇಕು?

ಅಂಗಡಿಯಲ್ಲಿ ಅದು ಇರಲಿಲ್ಲ. “ಮೈಸೂರಿಂದ ತರಿಸಿ ಕೊಡ್ತೇನೆ, ಸ್ವಲ್ಪ ದಿನ ಆಗ್ತದೆ. ಎರಡು ವರ್ಷ ವಾರಂಟಿ ಉಂಟು ಅಣ್ಣ” ಎಂದ ಆತ. “ಅಷ್ಟ್ ಸಾಕು” ಎಂದರು ಇವರು.

ಆ ಸ್ವಲ್ಪ ದಿನವೂ ಸಿಗಲಿಲ್ಲ. ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿದ್ದ ಒಂದು ಮಧ್ಯಾಹ್ನ, ಗಂಜಿ ಆರಿಸುತ್ತ ನಾನು ಪಕ್ಕದಲ್ಲೇ ಇದ್ದಾಗ, ಹೋಗಿಬಿಟ್ಟರು. ಮನೆ ತುಂಬ ಜನ. ಪತ್ರಿಕೆಯಿಂದ ಫೋನ್ ಬಂತು: “ಮೇಡಂ, ಸಾರ್‌ದು ಫೋಟೋ ಒಂದು ಬೇಕಿತ್ತು. ವಾಟ್ಸಾಪಲ್ಲಿ ಹಾಕಿದ್ರೆ ಸಾಕು.” ಇಂಥ ಹೊತ್ತಿನಲ್ಲಿ ಊರಿನವರು ಬಂದು ನಿಲ್ಲುತ್ತಿದ್ದದ್ದು ನಮ್ಮ ಬಾಗಿಲಿಗೆ, ನಾನು ಯಾರ ಬಾಗಿಲಿಗೆ ಹೋಗಲಿ? ಉಂಗುಷ್ಟ ಕಿತ್ತ ಆ ಮದುವೆಯ ಫೋಟೋವನ್ನೇ ಕಳಿಸಿದೆ. ಕಳಿಸುವಾಗ ಆ ದುಃಖದಲ್ಲೂ ಸಣ್ಣದೊಂದು ಸಮಾಧಾನವಿತ್ತು: ನಾಳೆ ಊರೂರಿನ ಜಗಲಿಗಳಲ್ಲಿ ಕಾಫಿ ಕುಡಿಯುತ್ತ ಯಾರಾದರೂ ಆ ಬೆರಳುಗಳನ್ನು ನೋಡಿ, ಇದು ಯಾರ ಕೈ ಎಂದು ಕೇಳಿಯಾರು.

ಮರುದಿನ ಪತ್ರಿಕೆ ಬಂತು. ಮುಖ ಸ್ಪಷ್ಟವಾಗಿ ಬಂದಿತ್ತು, ಆ ನಗುವೂ. ಭುಜ ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಕೈ ಇರಲಿಲ್ಲ. ಪುಟ ಕಟ್ಟುವ ಯಾರೋ ಪುಣ್ಯಾತ್ಮರು, ಸತ್ತವರ ಮೇಲಿನ ಗೌರವಕ್ಕೆ, ಕಂಪ್ಯೂಟರಿನಲ್ಲಿ ಅದನ್ನು ಅಳಿಸಿ, ಅಂಗಿಯ ಬಟ್ಟೆಯನ್ನೇ ಎಳೆದು ಮುಚ್ಚಿದ್ದರು. ಎಷ್ಟು ನಾಜೂಕಾದ ಕೆಲಸವೆಂದರೆ ಅಲ್ಲೊಂದು ಕೈ ಇತ್ತೆಂದು ನಾನೇ ಆಣೆಯಿಟ್ಟು ಹೇಳಿದರೂ ಯಾರೂ ನಂಬಲಾರರು. ಫೋನ್ ಮಾಡಿ ಜಗಳ ಆಡೋಣವೆನ್ನಿಸಿತು. ಏನೆಂದು ಆಡುವುದು? ಒಳ್ಳೆಯದನ್ನೇ ಮಾಡಿದ್ದರು.

ಕರ್ಮಾಂತರವೆಲ್ಲ ಮುಗಿದ ಮೇಲೆ ಕ್ಯಾಮೆರಾ ಬಂತು. ಬಹಳ ದಿನ ಪೆಟ್ಟಿಗೆ ತೆರೆಯದೆ ಕಪಾಟಿನಲ್ಲಿಟ್ಟೆ, ಬೇಕಿಲ್ಲದಿದ್ದರೂ ಜೀರೋ ಬಲ್ಬು ಹಾಕಿದೆ. ಪತ್ರಿಕೆಯ ಆ ಪುಟವನ್ನು ಈಗಲೂ ನೋಡುತ್ತೇನೆ. ಮುಖಕ್ಕಿಂತ ಮೊದಲು ಭುಜ ನೋಡುತ್ತೇನೆ. ಈಚೆಗೆ ಎಲ್ಲರ ಭುಜವೂ ಶುಭ್ರವಾಗಿರುತ್ತದೆ, ಜೀವನವಿಡೀ ಒಬ್ಬರೂ ಮುಟ್ಟಿರಲಿಲ್ಲವೇನೋ ಎಂಬಷ್ಟು.

ಈ ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿದೆ. ಜಗಲಿಯಲ್ಲಿ ಕಾಫಿಯ ಲೋಟ, ಮಡಿಸಿದ ಪತ್ರಿಕೆ, ಎದುರಿಗೆ ಅವರು ಕೂರುತ್ತಿದ್ದ ಕುರ್ಚಿ. ಎಡಗೈಯನ್ನು ಕುರ್ಚಿಯ ಬೆನ್ನಿನ ಮೇಲೆ, ಭುಜ ಇರುತ್ತಿದ್ದ ಜಾಗದಲ್ಲಿ ಇಟ್ಟು, ಬಲಗೈಯಲ್ಲಿ ಕ್ಯಾಮೆರಾ ಎತ್ತಿದೆ. ಅವರು ಸರಿಯಾಗಿಯೇ ಆರಿಸಿದ್ದರು, ಒಂದೇ ಕೈಗೆ ಭಾರವೆನ್ನಿಸಲಿಲ್ಲ. ಗುಂಡಿ ಒತ್ತಿ ಪರದೆ ನೋಡಿದೆ. ನಾಲ್ಕು ಬೆರಳು, ಉಗುರಿನ ಗೆರೆಯೂ ಕಾಣುವ ಹಾಗೆ ಬಂದಿವೆ. ಅವುಗಳ ಕೆಳಗೆ ಭುಜವಿಲ್ಲ.