ಕೆರೆ ತಿಳಿಯಾದ ವಾರ

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನಾನು ಆಲ್ದೂರು ಸೀಮೆಯಲ್ಲಿ ಪಶುವೈದ್ಯನಾಗಿದ್ದೆ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಧರ್ಮಪ್ಪಗೌಡರ ಫೋನ್ ಬಂತು. ಕಾಫಿ ಎಸ್ಟೇಟಿನ ಮಾಲೀಕರು, ಎಂದೂ ದನಿ ಏರಿಸದ ಮನುಷ್ಯ. "ಡಾಕ್ಟ್ರೇ, ಸ್ವಲ್ಪ ಬೇಗ ಬರ್ಬೇಕಿತ್ತು. ನಮ್ಮ ಸರೋಜನ ಒಂದು ಹಸು ಸತ್ತಿದೆ, ಇನ್ನೊಂದು ನೆಲ ಹಿಡಿದಿದೆ. ನಾನೇ ಕೊಂದೆ ಅಂತಿದ್ದಾರೆ ಊರವ್ರು," ಅಂದರು.

ಸರೋಜಮ್ಮ ಅವರ ತೋಟದಲ್ಲೇ ಕೆಲಸ ಮಾಡುತ್ತಿದ್ದರು. ಎರಡು ಹಸುಗಳ ಹಾಲನ್ನು ಡೇರಿಗೆ ಹಾಕಿ ಮನೆ ನಡೆಸುತ್ತಿದ್ದ ಹೆಂಗಸು. ನಾನು ಹೋದಾಗ ಬದುಕಿದ್ದ ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸುತ್ತ ನೆರೆದವರದ್ದೇ ಗಲಾಟೆ. "ಗೌಡ್ರು ಕೆರೆಗೆ ಮೈಲುತುತ್ತ ಹಾಕ್ಸಿದ್ರು ಸಾರ್, ಅದ್ನ ಕುಡ್ದೇ ಸತ್ತಿದ್ದು!"

ಹಾಕಿಸಿದ್ದು ನಿಜ. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ನಂತರ ಎಲ್ಲರಂತೆ ಗೌಡರೂ ಗಿಡಕ್ಕೆ ಗೊಬ್ಬರ ಕೊಟ್ಟಿದ್ದರು. ಹಿಂದೆಯೇ ಜೋರು ಮಳೆ ಹೊಡೆದು ಅದರಲ್ಲಿ ಬಹಳಷ್ಟು ತೋಟದ ಕೆಳಗಿನ ಕೆರೆಗಿಳಿದಿತ್ತು. ಚಳಿಗಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಅವರ ಪಲ್ಪರ್ ಯಂತ್ರದ ಕೊಳೆನೀರಂತೂ ಮೊದಲೇ ಅಲ್ಲಿ ಸೇರಿತ್ತು. ಗಿಡಕ್ಕೆಂದು ಹಾಕಿದ ಸಾರಜನಕ, ರಂಜಕವನ್ನೆಲ್ಲ ಪಾಚಿ ತಿಂದು ಕೊಬ್ಬಿತು. ಬಿಸಿಲು ಏರಿದಂತೆ ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದಂತಾಯಿತು. ಗಿಡಕ್ಕೆ ಯಾವ ರೋಗ ಬಂದರೂ ಕಾಫಿ ಬೆಳೆಗಾರನ ಕೈ ಮೊದಲು ಹೋಗುವುದು ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಚೀಲಕ್ಕೆ! ಗೌಡರು ಕೆರೆಗೂ ಅದೇ ಮದ್ದು ಮಾಡಿದರು. ಕೆಲವೇ ದಿನಗಳಲ್ಲಿ ಪಾಚಿ ಸತ್ತು ನೀರು ತಿಳಿಯಾಯಿತು. ಊರೇ ಹೊಗಳಿತ್ತು. ಈಗ ಅದೇ ಬಾಯಿಗಳು ವಿಷ ಹಾಕಿದ್ರು ಎನ್ನುತ್ತಿದ್ದವು.

ನನಗೋ ಕೋಪ ಮೂಗಿನ ತುದಿಯಲ್ಲೇ. "ಸ್ವಲ್ಪ ಆ ಕಡೆ ಸರೀರಿ ಮಾರಾಯ್ರೆ! ಕುಯ್ದು ನೋಡೋದ್ರೊಳಗೆ ತೀರ್ಪು ಕೊಡೋಕೆ ನೀವೇನು ಜಡ್ಜುಗಳಾ?" ಎಂದು ರೇಗಿದೆ.

ಸತ್ತ ಹಸುವನ್ನು ಕುಯ್ದು ನೋಡಿದೆ. ಮೈಲುತುತ್ತವೇ ಕೊಂದಿದ್ದರೆ ಹೊಟ್ಟೆ, ಕರುಳು ಸುಟ್ಟಂತೆ ಕೆಂಪಾಗಿ, ಒಳಗೆ ನೀಲಿ ಹಸಿರು ಬಣ್ಣ ಕಾಣಬೇಕಿತ್ತು. ಅಂಥದ್ದೇನೂ ಇರಲಿಲ್ಲ. ಯಕೃತ್ತು ಮಾತ್ರ ರಕ್ತ ತುಂಬಿ, ಊದಿ, ಕಪ್ಪಾಗಿತ್ತು. ಕಾಲೇಜಿನಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಕೆಲವು ನೀಲಿ-ಹಸಿರು ಪಾಚಿಗಳ ಒಡಲಲ್ಲೇ ವಿಷವಿರುತ್ತದೆ. ಅವನ್ನು ಒಮ್ಮೆಲೇ ಕೊಂದರೆ ಒಡೆದುಹೋಗಿ ಆ ವಿಷವೆಲ್ಲ ನೀರಿಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ಹಾಗಾಗಿ ನೀರು ಚೊಕ್ಕಟವಾಗಿಯೇ ಕಾಣುತ್ತದೆ.

ಉಳಿದ ಹಸುವಿಗೆ ಇದ್ದಿಲ ಪುಡಿ ಕುಡಿಸಿ, ಗ್ಲೂಕೋಸ್ ಏರಿಸಿ, ಮೇಲೆ ನೆರಳು ಕಟ್ಟಿಸಿದೆ.

"ಉಳಿಯುತ್ತಾ ಸಾರ್?" ಸರೋಜಮ್ಮ ಕೇಳಿದರು.

"ಗೊತ್ತಿಲ್ಲಮ್ಮ. ಸುಳ್ಳು ಹೇಳಲ್ಲ."

ಕೆರೆಗೆ ಯಾವ ದನವೂ ಇಳಿಯದಂತೆ ಬೇಲಿ ಹಾಕಿಸಿ, ನೀರನ್ನೂ ಯಕೃತ್ತಿನ ತುಂಡನ್ನೂ ಬೆಂಗಳೂರಿನ ಲ್ಯಾಬಿಗೆ ಕಳಿಸಿದೆ. ವಾರದೊಳಗೆ ಹಸು ಎದ್ದು ನಿಂತಿತು. ನನ್ನ ಜೀವವೇ ಮರಳಿ ಬಂದಂತಾಯಿತು! ಲ್ಯಾಬಿನ ವರದಿ ತಡವಾಗಿ ಬಂತು. ಪಾಚಿಯ ವಿಷವೇ ಎಂದಿತ್ತು.

ಗೌಡರ ಮೇಲಿನ ಅಪವಾದ ಕಳೆಯಿತೆಂದು ಖುಷಿಯಿಂದಲೇ ಹೇಳಲು ಹೋದೆ. ಅವರು ತಲೆ ಅಲ್ಲಾಡಿಸಿದರು. "ಗೊಬ್ಬರಾನೂ ನಂದೇ, ಪಲ್ಪರ್ ನೀರೂ ನಂದೇ, ಮದ್ದೂ ನಂದೇ. ಇನ್ಯಾರ ಮೇಲೆ ಹಾಕ್ಲಿ ಡಾಕ್ಟ್ರೇ?" ಎಂದವರೇ ನನ್ನನ್ನೂ ಕರೆದುಕೊಂಡು ಸರೋಜಮ್ಮನ ಮನೆಗೆ ನಡೆದರು. ಅಂಗಳದಲ್ಲಿ ನಿಂತು ಆಕೆಗೂ ಅದನ್ನೇ ಹೇಳಿ, ಹಸು ಕೊಡಿಸುತ್ತೇನೆ ಎಂದರು. ಕೊಡಿಸಿದರು ಕೂಡ. ಮುಂದಿನ ಕೊಯ್ಲಿನ ಹೊತ್ತಿಗೆ ಪಲ್ಪರ್ ನೀರು ಗುಂಡಿಗೆ ಬಿತ್ತು, ಕೆರೆಯಂಚಿನ ಸಾಲುಗಳಿಗೆ ಗೊಬ್ಬರ ನಿಂತಿತು.

ಕೆರೆಗೆ ಚಿಕಿತ್ಸೆ ಮಾಡುವುದಿದ್ದರೆ ಮೇಲಿನ ತೋಟದಿಂದ ಶುರು ಮಾಡಬೇಕು, ತಿಳಿಯಾಗಿ ಕಂಡದ್ದೆಲ್ಲ ಕುಡಿಯುವ ನೀರಲ್ಲ. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ, ಬೆಳೆಗಾರರ ಸಭೆಗಳಲ್ಲಿ ಈಗಲೂ ಹೇಳುತ್ತೇನೆ. ಆದರೆ ಆ ದಿನ ಸರೋಜಮ್ಮ ಗೌಡರಿಗೆ ಕೊಟ್ಟ ಉತ್ತರವನ್ನು ಮಾತ್ರ ಯಾವ ಸಭೆಯಲ್ಲೂ ಹೇಳಲಾಗಿಲ್ಲ.

"ನೀವೊಬ್ರೇ ಅಲ್ಲ ಗೌಡ್ರೇ. ನೀರು ಹಸ್ರಾಗಿದ್ದಾಗ ಆ ಸತ್ತ ಹಸು ಮೂಸಿ ನೋಡಿ ವಾಪಸ್ ಬರ್ತಿತ್ತು. ತಿಳಿಯಾದ ದಿನ, ಬರಲ್ಲ ಅಂದ್ರೂ ಹಗ್ಗ ಹಿಡ್ದು ಎಳ್ಕೊಂಡು ಹೋಗಿ ಕುಡ್ಸಿದ್ದು ನಾನೇ."